ಹೇಳಿಕೊಂಡರೆ ಅರ್ಧ ಗುಣ
ಮೊಮ್ಮಕ್ಕಳಿಂದ ಅಜ್ಜ–ಅಜ್ಜಿಯವರೆಗೆ, ಸೊಂಟದ ಕೆಳಗಿನ ಆರೋಗ್ಯ

ಕೆಮ್ಮು ಬಂದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಹಲ್ಲುನೋವು ಬಂದರೆ ಪಕ್ಕದ ಮನೆಯವರೂ ಬಂದು ‘ಲವಂಗ ಇಟ್ಟುಕೊಳ್ಳಿ’ ಎನ್ನುತ್ತಾರೆ. ಆದರೆ ಒಂದಕ್ಕೆ ಹೋದಾಗ ಉರಿ, ಮುಟ್ಟಿನ ದಿನದ ಸಹಿಸಲಾಗದ ನೋವು, ಕೆಮ್ಮಿದಾಗ ಅಜ್ಜಿಯ ಸೀರೆ ಒದ್ದೆಯಾಗುವುದು, ರಾತ್ರಿ ಅಜ್ಜ ಐದಾರು ಸಲ ಎದ್ದು ಬಚ್ಚಲಿಗೆ ನಡೆಯುವುದು, ಇವು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಒಂದೇ ಮನೆಯಲ್ಲಿ ಮೊಮ್ಮಗಳೂ ಅಜ್ಜಿಯೂ ಒಂದೇ ತೊಂದರೆಯನ್ನು ಒಬ್ಬರಿಗೊಬ್ಬರು ತಿಳಿಯದಂತೆ ಮುಚ್ಚಿಟ್ಟುಕೊಂಡಿರುವುದೂ ಉಂಟು.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಚನ್ನಗಿರಿ ಅಡಿಕೆಯ ನಾಡು. ಸುಗ್ಗಿ ಬಂತೆಂದರೆ ಹೆಂಗಸರು ಗಂಟೆಗಟ್ಟಲೆ ಕೂತಲ್ಲೇ ಕೂತು ಅಡಿಕೆ ಸುಲಿಯುತ್ತಾರೆ. ಏಳಲು ಮನಸ್ಸಾಗದೆ ಮೂತ್ರ ತಡೆದುಕೊಳ್ಳುತ್ತಾರೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಅದರಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯಲ್ಲಿ ಭತ್ತದ ನಾಟಿ, ಮೆಕ್ಕೆಜೋಳದ ಕೆಲಸ. ಕೆಸರಿನಲ್ಲಿ ಒದ್ದೆ ಬಟ್ಟೆಯಲ್ಲೇ ದಿನ ಕಳೆಯುತ್ತದೆ. ಹೊಲದಲ್ಲಿ ಮರೆಯಿಲ್ಲ, ಹಾಗಾಗಿ ನೀರೇ ಕುಡಿಯುವುದಿಲ್ಲ. ಜಗಳೂರು ಮಳೆ ಕಡಿಮೆ ಇರುವ ಬಯಲುಸೀಮೆ. ಬಿಸಿಲು ಹೆಚ್ಚು, ಕೊಡ ಹೊರುವ ಕೆಲಸವೂ ಹೆಚ್ಚು. ನೀರು ಬೇರೆ, ಬೆಳೆ ಬೇರೆ. ಮುಚ್ಚಿಡುವ ಅಭ್ಯಾಸ ಮಾತ್ರ ನಾಲ್ಕೂ ಕಡೆ ಒಂದೇ. ಸಣ್ಣದಾಗಿದ್ದಾಗ ಮಾತ್ರೆಯಲ್ಲೋ ವ್ಯಾಯಾಮದಲ್ಲೋ ಮುಗಿಯಬೇಕಾದದ್ದು ದೊಡ್ಡದಾಗಿ ಆಪರೇಷನ್ ತನಕ ಹೋಗುವುದು ಈ ಅಭ್ಯಾಸದಿಂದಲೇ.

ಒಳಗೊಂದು ಜೋಲಿ

ಮಕ್ಕಳೇ, ನಿಮ್ಮ ಸೊಂಟದ ಎರಡೂ ಬದಿಗೆ ಕೈಯಿಟ್ಟು ನೋಡಿ. ಗಟ್ಟಿ ಎಲುಬು ಸಿಗುತ್ತದಲ್ಲ? ಆ ಎಲುಬು ಒಳಗೆ ಬಟ್ಟಲಿನಂತೆ ಸುತ್ತಿಕೊಂಡಿದೆ. ಬಟ್ಟಲಿನಲ್ಲಿ ಮುಂದೆ ಮೂತ್ರಚೀಲ, ಹಿಂದೆ ಮಲದ ಕರುಳು. ಹೆಣ್ಣುಮಕ್ಕಳಲ್ಲಿ ಇವೆರಡರ ನಡುವೆ ಗರ್ಭಕೋಶ. ಗಂಡಸರಲ್ಲಿ ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ. ಈ ಬಟ್ಟಲಿಗೆ ಎಲುಬಿನ ತಳವಿಲ್ಲ. ಮಗುವನ್ನು ಮಲಗಿಸುವ ಜೋಲಿಯಂತೆ ಸ್ನಾಯುಗಳು ಅಡ್ಡಲಾಗಿ ಹಾಸಿಕೊಂಡು ಎಲ್ಲವನ್ನೂ ಹೊತ್ತಿವೆ. ಮೂತ್ರ, ಮಲ ಬೇಡದ ಹೊತ್ತಿನಲ್ಲಿ ಹೊರಬರದಂತೆ ತಡೆಯುವುದೂ ಈ ಜೋಲಿಯ ಕೆಲಸವೇ. ಜೋಲಿ ಸಡಿಲವಾದರೆ ಸೋರಿಕೆ, ಜಾರುವಿಕೆ. ಕೈ, ಕಾಲು, ಕಣ್ಣಿನ ಹಾಗೆಯೇ ಇವೂ ನಮ್ಮ ಅಂಗಗಳು. ಇವುಗಳ ಹೆಸರು ಹೇಳುವುದು ಕೆಟ್ಟ ಮಾತಲ್ಲ.

ಶಾಲೆಯ ನೀರಿನ ಗಂಟೆ

2019ರಲ್ಲಿ ಕೇರಳದ ಶಾಲೆಗಳಲ್ಲಿ ಒಂದು ಹೊಸ ಗಂಟೆ ಬಾರಿಸಿತು. ಅದು ಪಾಠಕ್ಕೂ ಅಲ್ಲ, ಊಟಕ್ಕೂ ಅಲ್ಲ. ಮಕ್ಕಳು ನೀರು ಕುಡಿಯಲೆಂದು. ಅದೇ ವರ್ಷ ನಮ್ಮ ರಾಜ್ಯದಲ್ಲೂ ಅದನ್ನು ತರುವ ಮಾತು ಬಂತು. ಯಾಕೆ ಬೇಕಾಯಿತು ಆ ಗಂಟೆ? ಶಾಲೆಯ ಶೌಚಾಲಯಕ್ಕೆ ಹೋಗಲು ಇಷ್ಟವಿಲ್ಲದ ಮಕ್ಕಳು, ಅದರಲ್ಲೂ ಹುಡುಗಿಯರು, ಬೆಳಿಗ್ಗೆಯಿಂದ ನೀರೇ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ.

ಮೂತ್ರ ನಿಂತಲ್ಲಿ ರೋಗಾಣು ಬೆಳೆಯುತ್ತದೆ. ಹೆಣ್ಣುಮಕ್ಕಳ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಅಂದರೆ ಎರಡು ಬೆರಳಿನ ಅಗಲ. ದೊಡ್ಡ ಗಂಡಸರದ್ದು ಹೆಚ್ಚುಕಡಿಮೆ ಒಂದು ಗೇಣು. ದಾರಿ ಚಿಕ್ಕದಾದ್ದರಿಂದ ರೋಗಾಣು ಹುಡುಗಿಯರ ಮೂತ್ರಚೀಲಕ್ಕೆ ಬೇಗ ತಲುಪುತ್ತದೆ. ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆ ಇದರ ಗುರುತು. ಜ್ವರ, ಚಳಿ, ಬೆನ್ನಿನ ಪಕ್ಕದಲ್ಲಿ ನೋವು ಸೇರಿಕೊಂಡರೆ ಸೋಂಕು ಮೂತ್ರಪಿಂಡ ಮುಟ್ಟಿರಬಹುದು. ಅಂದೇ ಡಾಕ್ಟರಿಗೆ ತೋರಿಸಬೇಕು. ಎಳನೀರು, ಬಾರ್ಲಿ ನೀರು ತಂಪು ಕೊಡುತ್ತವೆ ನಿಜ. ಆದರೆ ಸೋಂಕು ಹೋಗಲು ಮೂತ್ರ ಪರೀಕ್ಷೆ, ಸರಿಯಾದ ಔಷಧ, ಅದನ್ನು ಹೇಳಿದಷ್ಟು ದಿನ ಪೂರ್ತಿ ನುಂಗುವುದು, ಮೂರೂ ಬೇಕು.

ತಡೆಯುವುದು ಸುಲಭ. ಮೂರು ಗಂಟೆಗೊಮ್ಮೆ ಒಂದಕ್ಕೆ ಹೋಗಿ. ಹುಡುಗಿಯರು ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಹಿಂದಿನಿಂದ ಮುಂದಕ್ಕೆ ಅಲ್ಲ. ಹತ್ತಿಯ ಒಳಚಡ್ಡಿ, ದಿನಕ್ಕೊಂದು ಬಾರಿ ಬದಲಾವಣೆ. ಸೋಪು, ಡೆಟಾಲ್ ಒಳಗೆ ಹಾಕುವುದು ಬೇಡ. ಬರಿಯ ನೀರು ಸಾಕು.

ಹಾಸಿಗೆ ಒದ್ದೆಯಾಗುವುದಕ್ಕೂ ಬೈಗುಳಕ್ಕೂ ಸಂಬಂಧವಿಲ್ಲ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಕ್ಕಳಿಗೆ ಇದು ಇರುತ್ತದೆ; ವರ್ಷ ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಮಗು ಬೇಕೆಂದು ಮಾಡುವುದಿಲ್ಲ. ನೆಂಟರ ಮುಂದೆ ಹೇಳಿ ನಗುವುದು, ಹೊಡೆಯುವುದು ಮಾಡಿದರೆ ಹೆಚ್ಚಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಂಜೆಯ ಟೀ ಬಿಡಿಸಿ, ಮಲಗುವ ಮುನ್ನ ಒಂದಕ್ಕೆ ಕಳಿಸಿ. ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ, ಜೊತೆಗೆ ಬಾಯಾರಿಕೆ ಹೆಚ್ಚಿ ಮಗು ಸೊರಗಿದರೆ, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ಮಗುವಿನ ಮನಸ್ಸಿಗೆ ಭಯ ಹೊಕ್ಕಿದೆಯೇ ಎಂದೂ ಮೆಲ್ಲಗೆ ಕೇಳಬೇಕು.

ಇನ್ನೊಂದು ಗುಟ್ಟು: ಮಲಬದ್ಧತೆ ಇರುವ ಮಗುವಿಗೆ ಮೂತ್ರದ ತೊಂದರೆಯೂ ಬರುತ್ತದೆ. ತುಂಬಿದ ಕರುಳು ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ. ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಬಾಳೆಹಣ್ಣು, ಸಾಕಷ್ಟು ನೀರು, ಇವೇ ಮೊದಲ ಔಷಧ. ರಾತ್ರಿ ಹೊತ್ತು ಹಿಂಬದಿಯಲ್ಲಿ ತುರಿಕೆ ಬಂದರೆ ಜಂತುಹುಳು ಇರಬಹುದು. ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ಚೀಪಿ ನುಂಗಿ, ಉಗುರು ಕತ್ತರಿಸಿಕೊಳ್ಳಿ.

ಮುಟ್ಟು ಮೈಲಿಗೆಯಲ್ಲ

ಹೆಚ್ಚಿನ ಹುಡುಗಿಯರು 9ರಿಂದ 15 ವರ್ಷದೊಳಗೆ ದೊಡ್ಡವರಾಗುತ್ತಾರೆ. ಗರ್ಭಕೋಶ ತಿಂಗಳು ತಿಂಗಳು ಒಳಗೊಂದು ಮೆತ್ತನೆಯ ಹಾಸು ಸಿದ್ಧಮಾಡುತ್ತದೆ. ಮಗು ಇಲ್ಲದಾಗ ಆ ಹಾಸು ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಮುಟ್ಟು ಎಂದರೆ ಇಷ್ಟೇ. ಇದರಲ್ಲಿ ಕೊಳಕೂ ಇಲ್ಲ, ಶಾಪವೂ ಇಲ್ಲ. ಜಗಳೂರಿಗೆ ತಾಗಿದ ಚಿತ್ರದುರ್ಗ ಜಿಲ್ಲೆಯ, ಹಾಗೆಯೇ ತುಮಕೂರು ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು ಊರ ಹೊರಗೆ ಇರಿಸುವ ಪದ್ಧತಿ ಇತ್ತೀಚಿನವರೆಗೂ ನಡೆದುಬಂದಿದೆ. ಚಳಿ, ಹಾವು–ಹುಳದ ಭಯದ ನಡುವೆ ಒಂಟಿಯಾಗಿರುವುದರಿಂದ ಯಾವ ದೇವರಿಗೂ ಸಂತೋಷವಿಲ್ಲ, ಯಾವ ದೇಹಕ್ಕೂ ಒಳ್ಳೆಯದಲ್ಲ. ಆ ದಿನಗಳಲ್ಲಿ ಬೇಕಾದದ್ದು ಬಿಸಿ ಊಟ, ಸ್ನಾನ, ನಿದ್ದೆ.

ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ಹಿಂದೆಮುಂದೆ ಆಗುವುದು ಸಹಜ. ಎರಡರಿಂದ ಏಳು ದಿನ ಹೋಗಬಹುದು. ನಾಲ್ಕರಿಂದ ಆರು ಗಂಟೆಗೊಮ್ಮೆ ಪ್ಯಾಡ್ ಬದಲಿಸಿ. ಬಟ್ಟೆ ಬಳಸುವವರು ಸೋಪಿನಲ್ಲಿ ತೊಳೆದು ಬಿಸಿಲಿಗೇ ಹಾಕಿ; ಹಾಸಿಗೆ ಕೆಳಗೆ, ಅಟ್ಟದ ಮೂಲೆಯಲ್ಲಿ ಬಚ್ಚಿಟ್ಟು ಒಣಗಿಸಿದ ಬಟ್ಟೆಯಿಂದಲೇ ತುರಿಕೆ, ಸೋಂಕು ಬರುವುದು. ಸರ್ಕಾರದ ‘ಶುಚಿ’ ಯೋಜನೆ ಇರುವುದೇ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡಲು. ಶಿಕ್ಷಕಿಯನ್ನು ಕೇಳಲು ಸಂಕೋಚ ಬೇಡ.

ಗಂಟೆಗೊಂದು ಪ್ಯಾಡ್ ನೆನೆಯುವುದು, ಏಳು ದಿನ ದಾಟಿದರೂ ನಿಲ್ಲದಿರುವುದು, ಶಾಲೆ ಬಿಡುವಷ್ಟು ನೋವು, 15–16 ವರ್ಷವಾದರೂ ಮುಟ್ಟಾಗದಿರುವುದು, ಇವು ಡಾಕ್ಟರಿಗೆ ತೋರಿಸಬೇಕಾದವು. ‘ಹೆಣ್ಣು ಅಂದಮೇಲೆ ಸಹಿಸಿಕೋಬೇಕು’ ಎಂದು ಕಳಿಸಿದರೆ ರಕ್ತಹೀನತೆಯೋ ಇನ್ನೊಂದೋ ಒಳಗೇ ಬೆಳೆಯುತ್ತದೆ.

ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಾಣು. ಅದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈಗ ಅದಕ್ಕೆ ಲಸಿಕೆಯಿದೆ. ಪುಣೆಯಲ್ಲಿ ತಯಾರಾಗುವ ‘ಸರ್ವಾವ್ಯಾಕ್’ 2023ರಲ್ಲಿ ಬಿಡುಗಡೆಯಾಯಿತು. 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸಿದರೆ ಹೆಚ್ಚು ಫಲ.

ಹುಡುಗರೂ ಬಾಯಿ ಬಿಡಬೇಕು

ಹುಡುಗರು ಮೊಣಕಾಲು ತರಚಿದರೆ ತೋರಿಸುತ್ತಾರೆ, ಇದನ್ನು ಮಾತ್ರ ಹೇಳುವುದಿಲ್ಲ. ಒಂದು ಬೀಜದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬಂದರೆ ಬೀಜಕ್ಕೆ ರಕ್ತ ಒಯ್ಯುವ ನಾಳ ತಿರುಚಿಕೊಂಡಿರಬಹುದು. ಹದಿಹರೆಯದಲ್ಲಿ ಇದು ಹೆಚ್ಚು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಬೀಜ ಉಳಿಯುತ್ತದೆ. ‘ನಾಳೆ ನೋಡೋಣ’ ಎಂದರೆ ಕಳೆದುಕೊಳ್ಳಬೇಕಾದೀತು. ಹೊಟ್ಟೆನೋವು ಎಂದು ಸುಳ್ಳು ಹೇಳದೆ, ನೋವು ಎಲ್ಲಿದೆಯೋ ಅಲ್ಲೇ ಇದೆ ಎನ್ನಿ.

ಕೂಸಿಗೆ ಎರೆಯುವ ಅಜ್ಜಿಯರಿಗೂ ಒಂದು ಮಾತು. ಗಂಡು ಕೂಸಿನ ಚೀಲದಲ್ಲಿ ಎರಡೂ ಬೀಜ ಇವೆಯೇ ನೋಡಿ. ಆರು ತಿಂಗಳಾದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಸಣ್ಣ ಮಗುವಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಬೇಡಿ. ಬೆಳೆದಂತೆ ತಾನೇ ಸಡಿಲವಾಗುತ್ತದೆ. ತೊಡೆಸಂದಿನಲ್ಲಿ ಗುಂಡಗೆ ತುರಿಕೆಯೆದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ಹಚ್ಚಬೇಡಿ. ಎರಡು ದಿನ ಹಿತವೆನಿಸಿ, ಆಮೇಲೆ ಇನ್ನೂ ಅಗಲಕ್ಕೆ ಹರಡುತ್ತದೆ.

ಬಾಣಂತನ, ಭಾರ, ಗರ್ಭಕೋಶ

ಹೆರಿಗೆಯಲ್ಲಿ ಜೋಲಿಯ ಸ್ನಾಯುಗಳು ಹಿಗ್ಗುತ್ತವೆ. ಮೊದಲಿನಂತಾಗಲು ಅವಕ್ಕೆ ಸಮಯ ಬೇಕು. ಬಾಣಂತಿಗೆ ವಿಶ್ರಾಂತಿ ಕೊಡುವ ನಮ್ಮ ಅಜ್ಜಿಯರ ಪದ್ಧತಿ ಒಳ್ಳೆಯದು. ಆದರೆ ‘ಶೀತವಾಗುತ್ತೆ’ ಎಂದು ನೀರು ಕೊಡದಿರುವುದು ತಪ್ಪು. ಅದರಿಂದ ಉರಿಮೂತ್ರವೂ ಮಲಬದ್ಧತೆಯೂ ಬರುತ್ತವೆ, ಹಾಲೂ ಕುಡಿಸಬೇಕಲ್ಲ! ಹೆರಿಗೆಯಾಗಿ ಕೆಲವೇ ದಿನಕ್ಕೆ ಕೊಡ ಹೊರುವುದು, ಗೊಬ್ಬರದ ಬುಟ್ಟಿ ಎತ್ತುವುದು, ಮಲಬದ್ಧತೆಯಲ್ಲಿ ತಿಣುಕುವುದು, ವರ್ಷಗಟ್ಟಲೆ ಕೆಮ್ಮುವುದು ಜೋಲಿಯನ್ನು ಜಗ್ಗುತ್ತವೆ. ಕೆಳಗೆ ಭಾರ, ಏನೋ ಹೊರಗೆ ಬಂದಂತೆ ಅನಿಸುವುದು ಗರ್ಭಕೋಶ ಜಾರುತ್ತಿರುವ ಸೂಚನೆ. ಮೊದಲಲ್ಲೇ ತೋರಿಸಿದರೆ ವ್ಯಾಯಾಮದಿಂದಲೋ, ಒಳಗೆ ಇಡುವ ಒಂದು ರಿಂಗಿನಿಂದಲೋ ನಿಭಾಯಿಸಬಹುದು. ಎಲ್ಲರಿಗೂ ಆಪರೇಷನ್ ಬೇಕಿಲ್ಲ.

ಬಿಳಿ ಹೋಗುವುದು ತೆಳ್ಳಗೆ, ವಾಸನೆಯಿಲ್ಲದೆ ಇದ್ದರೆ ಸಹಜ. ಮೊಸರಿನಂತೆ ಗಟ್ಟಿ, ಹಳದಿ–ಹಸಿರು ಬಣ್ಣ, ದುರ್ವಾಸನೆ, ತುರಿಕೆ ಇದ್ದರೆ ಸೋಂಕು. ಕೆಲವು ದಿನದ ಔಷಧದಲ್ಲಿ ವಾಸಿಯಾಗುತ್ತದೆ.

ಹೀಗೆ ಔಷಧದಲ್ಲೇ ವಾಸಿಯಾಗಬಹುದಾದ ತೊಂದರೆಗಳಿಗೂ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ಬಂದದ್ದುಂಟು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶವನ್ನು ಅಗತ್ಯವಿಲ್ಲದಿದ್ದರೂ ತೆಗೆದ ಸಂಗತಿ 2015ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ಹೊನ್ನಾಳಿಯ ಪಕ್ಕದ ರಾಣೆಬೆನ್ನೂರಿನ ತಾಂಡಾಗಳ ಹೆಂಗಸರೂ ಇದೇ ನೋವಿಗೆ ನ್ಯಾಯ ಕೇಳಿ ಬೀದಿಗಿಳಿದರು. ನಾಚಿಕೆಯಿಂದ ಯಾರನ್ನೂ ಕೇಳದೆ, ಒಬ್ಬರ ಮಾತನ್ನೇ ನಂಬಬೇಕಾದಾಗ ಆಗುವ ನಷ್ಟ ಇದು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಎಲುಬು ಬೇಗ ಸವೆಯುತ್ತದೆ. ಆದ್ದರಿಂದ ತುರ್ತಿಲ್ಲದ ಆಪರೇಷನ್ ಎಂದರೆ ‘ಯಾಕೆ? ಬೇರೆ ದಾರಿ ಇಲ್ಲವೇ?’ ಎಂದು ಕೇಳಿ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ.

30 ದಾಟಿದ ಹೆಂಗಸರಿಗೆ ಗರ್ಭಕೋಶದ ಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ಐದು ವರ್ಷಕ್ಕೊಮ್ಮೆ ಮಾಡಿಸಿದರೆ ಕ್ಯಾನ್ಸರ್ ಆಗುವ ಮುಂಚೆಯೇ ತಡೆಯಬಹುದು.

ಅಜ್ಜಿಗೆ ಸೋರಿಕೆ, ಅಜ್ಜನಿಗೆ ತಡೆ

45–50ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಆಮೇಲೆ ಒಳಚರ್ಮ ತೆಳ್ಳಗಾಗಿ ಒಣಗುವುದು, ಉರಿ, ಮೇಲಿಂದ ಮೇಲೆ ಮೂತ್ರದ ಸೋಂಕು, ಕೆಮ್ಮಿದಾಗ ಸೀನಿದಾಗ ಸೋರಿಕೆ ಬರಬಹುದು. ಇದಕ್ಕೆ ಹೆದರಿ ಮದುವೆ–ಜಾತ್ರೆ, ಬಸ್ ಪ್ರಯಾಣ ಎಲ್ಲವನ್ನೂ ಬಿಟ್ಟು ಮನೆಯಲ್ಲೇ ಕೂರುವ ಅಜ್ಜಿಯರಿದ್ದಾರೆ. ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗಬೇಕಿಲ್ಲ. ಹಚ್ಚುವ ಔಷಧವಿದೆ, ವ್ಯಾಯಾಮವಿದೆ. ಆದರೆ ಒಂದು ವಿಷಯ ನೆನಪಿಡಿ: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಮುಟ್ಟು ತಿರುಗಿ ಬಂದದ್ದಲ್ಲ. ಕೂಡಲೇ ಪರೀಕ್ಷೆ ಆಗಬೇಕು.

ಅಜ್ಜಂದಿರ ಕಥೆ ಬೇರೆ. ಪ್ರಾಸ್ಟೇಟ್ ಗ್ರಂಥಿ ಹರೆಯದಲ್ಲಿ ಸಿಪ್ಪೆ ಸುಲಿಯದ ಹಸಿ ಅಡಿಕೆಯಷ್ಟಿರುತ್ತದೆ. ವಯಸ್ಸಾದಂತೆ ದೊಡ್ಡದಾಗಿ, ತನ್ನ ನಡುವೆ ಹಾದುಹೋಗುವ ಮೂತ್ರನಾಳವನ್ನು ಹಿಸುಕುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಇದು ಬೆಳೆದಿರುತ್ತದೆ. ಧಾರೆ ಸಣ್ಣಗಾಗುವುದು, ಶುರುವಾಗಲು ಕಾಯಬೇಕಾಗುವುದು, ಮುಗಿದರೂ ಮುಗಿಯಲಿಲ್ಲ ಅನಿಸುವುದು, ರಾತ್ರಿ ಮತ್ತೆ ಮತ್ತೆ ಏಳುವುದು ಇದರ ಲಕ್ಷಣ. ಕತ್ತಲಲ್ಲಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಇನ್ನೊಂದು ಅಪಾಯ. ಬಚ್ಚಲ ದಾರಿಯಲ್ಲಿ ಒಂದು ಸಣ್ಣ ದೀಪ ಇಡಿ. ಮಾತ್ರೆಗಳಿವೆ, ಬೇಕಾದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಆಪರೇಷನ್ ಇದೆ. ನೆಗಡಿಯ ಕೆಲವು ಮಾತ್ರೆಗಳು ಮೂತ್ರ ಕಟ್ಟಿಸಿಬಿಡಬಹುದು, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತೋರಿಸಲೇಬೇಕು. ಅಂದಹಾಗೆ, ಏಳುವ ಕಾಟಕ್ಕೆ ಹೆದರಿ ದಿನವಿಡೀ ನೀರು ಬಿಡಬೇಡಿ. ಜಗಳೂರಿನಂಥ ಬಿಸಿಲಿನಲ್ಲಿ ಅದರಿಂದ ಕಲ್ಲು ಕಟ್ಟುತ್ತದೆ. ಹಗಲು ಚೆನ್ನಾಗಿ ಕುಡಿದು, ಸಂಜೆಯ ಟೀ–ಕಾಫಿ ಕಡಿಮೆ ಮಾಡಿ.

ಖರ್ಚಿಲ್ಲದ ವ್ಯಾಯಾಮ

ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಜೋಲಿಯ ಸ್ನಾಯುಗಳಿಗೊಂದು ವ್ಯಾಯಾಮ ತಿಳಿಸಿಕೊಟ್ಟರು. ಜನರ ನಡುವೆ ಕೂತಾಗ ಹೂಸು ಬಾರದಂತೆ ಬಿಗಿಹಿಡಿಯುತ್ತೇವಲ್ಲ, (ನಗಬೇಡಿ ಮಕ್ಕಳೇ!) ಆ ಸ್ನಾಯುವೇ ಇದು. ಅದನ್ನು ಮೇಲಕ್ಕೆಳೆದು ಐದು ಎಣಿಸುವವರೆಗೆ ಬಿಗಿಹಿಡಿಯಿರಿ. ಐದು ಎಣಿಸುವವರೆಗೆ ಪೂರ್ತಿ ಸಡಿಲ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಉಸಿರು ಕಟ್ಟಬೇಡಿ, ಹೊಟ್ಟೆ–ತೊಡೆ ಬಿಗಿಯಬೇಡಿ, ಮೂತ್ರ ಮಾಡುವಾಗ ಮಾಡಬೇಡಿ. ಗುಣ ಕಾಣಲು ಆರು ವಾರದಿಂದ ಮೂರು ತಿಂಗಳು ಬೇಕು. ಬಾಣಂತಿ, ಅಜ್ಜಿ, ಪ್ರಾಸ್ಟೇಟ್ ಆಪರೇಷನ್ ಆದ ಅಜ್ಜ, ಎಲ್ಲರಿಗೂ ಉಪಯೋಗ. ಮೊಮ್ಮಕ್ಕಳು ಎಣಿಸುವ ಕೆಲಸ ವಹಿಸಿಕೊಳ್ಳಬಹುದು.

ಹೇಗೆ ಹೇಳುವುದು, ಯಾರಿಗೆ ಹೇಳುವುದು?

ಸುತ್ತಿ ಬಳಸುವುದು ಬೇಡ. ‘ಅಜ್ಜಿ, ಒಂದಕ್ಕೆ ಹೋದ್ರೆ ಉರೀತದೆ.’ ಅಷ್ಟು ಸಾಕು. ಕೇಳಿದ ಅಜ್ಜಿ ಮೊದಲು ಹೇಳಬೇಕಾದ ಮಾತು ‘ಹೇಳಿದ್ದು ಒಳ್ಳೇದಾಯ್ತು ಕಂದಾ’ ಎಂಬುದು. ಬೈದರೆ ಮಗು ಮುಂದೆ ಯಾವುದನ್ನೂ ಹೇಳುವುದಿಲ್ಲ.

ಹೇಳುವ ಅಭ್ಯಾಸ ಇನ್ನೊಂದು ಕಾರಣಕ್ಕೂ ಬೇಕು. ಒಳಉಡುಪು ಮುಚ್ಚುವ ಜಾಗ ನಿಮ್ಮದು. ಡಾಕ್ಟರ್ ನೋಡಬೇಕಾದರೂ ಕಾರಣ ಹೇಳಿ, ಮನೆಯವರ ಎದುರಿಗೇ ನೋಡುತ್ತಾರೆ. ಬೇರೆ ಯಾರೇ ಮುಟ್ಟಲಿ, ‘ಯಾರಿಗೂ ಹೇಳಬೇಡ’ ಎನ್ನಲಿ, ಅದನ್ನೇ ಮೊದಲು ಹೇಳಿ. ಅವರು ನೆಂಟರಾದರೂ ಸರಿ. ತಪ್ಪು ನಿಮ್ಮದಲ್ಲ. ಮನೆಯಲ್ಲಿ ಹೇಳಲಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ; ಹಣ ಬೇಕಿಲ್ಲ.

ಊರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮೊದಲ ಮೆಟ್ಟಿಲು. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಬೇಕೆಂದು ಕೇಳಬಹುದು. ಅಲ್ಲಿಂದ ಮುಂದಕ್ಕೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ದೂರವಲ್ಲ. ಫೋನಿನಲ್ಲೇ ಕೇಳಲು 104 ಆರೋಗ್ಯ ಸಹಾಯವಾಣಿ ಇದೆ.

ಇವಕ್ಕೆ ತಡ ಬೇಡ

• ಹುಡುಗರ ಬೀಜದಲ್ಲಿ ಇದ್ದಕ್ಕಿದ್ದಂತೆ ನೋವು: ಗಂಟೆಗಳ ಲೆಕ್ಕ. 108 ಕರೆಯಿರಿ.
• ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬುವುದು: ಕೂಡಲೇ ಆಸ್ಪತ್ರೆಗೆ.
• ಉರಿಮೂತ್ರದ ಜೊತೆ ಚಳಿಜ್ವರ, ಬೆನ್ನುನೋವು: ಅದೇ ದಿನ.
• ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ: ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ.
• ಮುಟ್ಟು ನಿಂತ ಮೇಲೆ ರಕ್ತ: ಒಂದೇ ಸಲವಾದರೂ ತೋರಿಸಿ.
• ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಮುಟ್ಟು, ತಲೆಸುತ್ತು: ಅದೇ ದಿನ.

ಈ ಪುಟ ಓದಿ ಮಡಚಿಡುವ ಮುನ್ನ ಒಂದು ಕೆಲಸ. ಮೊಮ್ಮಕ್ಕಳೇ, ಅಜ್ಜ–ಅಜ್ಜಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ. ಅಜ್ಜ–ಅಜ್ಜಿಯರೇ, ಓದಿ ಮುಗಿದ ಮೇಲೆ ‘ನಿನಗೇನಾದರೂ ಹೀಗೆ ಆಗುತ್ತಾ?’ ಎಂದು ಒಂದು ಸಲ ಕೇಳಿ. ನಿಮಗೆ ಆಗುತ್ತಿದ್ದರೆ ನೀವೂ ಹೇಳಿ. ದೊಡ್ಡವರು ಹೇಳಿದ ಮನೆಯಲ್ಲಿ ಚಿಕ್ಕವರಿಗೂ ಬಾಯಿ ಬರುತ್ತದೆ.